ಬೂದು ಕೋಣೆಯ ನೀಲಿ

ಬೇರೆ ಅತ್ತೆಯಂದಿರು ಸೊಸೆ ಹುಡುಕುವಾಗ ಗುಣ ನೋಡುತ್ತಾರೆ, ಮನೆತನ ವಿಚಾರಿಸುತ್ತಾರೆ. ಈ ಅತ್ತೆ ನೋಡಿದ್ದು ಬರೀ ಕಣ್ಣು. ಅದೂ ಕಣ್ಣಿನ ಚೆಂದವನ್ನಲ್ಲ, ಕೆಲಸಕ್ಕೆ ಬರುತ್ತೋ ಇಲ್ಲವೋ ಅನ್ನೋದನ್ನ. ಕೆಲಸ ಕೇಳಿಕೊಂಡು ಬಂದ ಹುಡುಗಿಯ ಮುಂದೆ ಒಂದು ಮರದ ಪೆಟ್ಟಿಗೆ ಇಟ್ಟರು. ಅದರ ತುಂಬ ಬಣ್ಣಬಣ್ಣದ ಬಿಲ್ಲೆಗಳು, ಒಂದಕ್ಕೂ ಪಕ್ಕದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಎಲ್ಲ ಕಲೆಸಿ ಮೇಜಿನ ಮೇಲೆ ಸುರಿದು, "ಸಾಲಾಗಿ ಜೋಡಿಸಮ್ಮ" ಅಂದರು. ಹುಡುಗಿ ಜೋಡಿಸಿದಳು. ಒಂದೇ ಒಂದು ತಪ್ಪಿರಲಿಲ್ಲ. ಅವರು ಆಗಿನ್ನೂ ಅತ್ತೆಯಾಗಿರಲಿಲ್ಲ, ಕಚೇರಿಯವರ ಬಾಯಲ್ಲಿ ಬಣ್ಣದಮ್ಮ. ಬಣ್ಣದಮ್ಮ ಆ ಹುಡುಗಿಗೆ ಕೆಲಸವನ್ನೂ ಕೊಟ್ಟರು, ವರ್ಷ ತಿರುಗುವುದರೊಳಗೆ ಮಗನನ್ನೂ ಕೊಟ್ಟರು.

ಮಗ ಈಜು ಕಲಿಸುವವನು. ಎಷ್ಟು ಆಳದ ನೀರಿಗೂ ಧುಮುಕುವ ಗಂಡಸು, ಅಮ್ಮ ಕೆಮ್ಮಿದರೆ ಮಾತ್ರ ಎದ್ದು ನಿಲ್ಲುತ್ತಿದ್ದ. ಹಾಗಾಗಿ ಸೊಸೆಗೆ ಮನೆಯಲ್ಲೂ ಅತ್ತೆ, ಕಚೇರಿಯಲ್ಲೂ ಅತ್ತೆ. ಬೆಳಿಗ್ಗೆ ಒಂದೇ ಬಸ್ಸಲ್ಲಿ ಹೋಗುವುದು, ಸಂಜೆ ಒಂದೇ ಬಸ್ಸಲ್ಲಿ ಬರುವುದು. ಉಸಿರು ಬಿಡೋಕೆ ಅಂತ ಅವಳಿಗೆ ಉಳಿದಿದ್ದು ಬಚ್ಚಲುಮನೆ ಒಂದೇ. ಅಲ್ಲೂ ಸ್ವಲ್ಪ ಹೊತ್ತಾದರೆ ಬಾಗಿಲು ಬಡಿಯುತ್ತಿತ್ತು.

ಕೆಲಸದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಬಾಹ್ಯಾಕಾಶ ನೌಕೆಯ ಕ್ಯಾಮೆರಾ ನೇರವಾಗಿ ಬಣ್ಣ ಕಳಿಸುವುದಿಲ್ಲ. ಕೆಂಪು ಗಾಜು, ಹಸಿರು ಗಾಜು, ನೀಲಿ ಗಾಜು ಒಂದೊಂದಾಗಿ ಅಡ್ಡ ಹಿಡಿದುಕೊಂಡು ಕಪ್ಪು ಬಿಳುಪಿನ ಮೂರು ಚಿತ್ರ ತೆಗೆದು ಕಳಿಸುತ್ತದೆ. ಮೂರನ್ನೂ ಒಂದರ ಮೇಲೊಂದು ಕೂರಿಸಿ, ಯಾವುದು ಎಷ್ಟಿರಬೇಕು ಅಂತ ತೂಗಿ ನೋಡಿ, ಅಲ್ಲೇ ನಿಂತ ಮನುಷ್ಯನಿಗೆ ಹೇಗೆ ಕಾಣುತ್ತಿತ್ತೋ ಹಾಗೆ ಮಾಡಿ ಕೊಡುವುದು ಇವರ ಕೆಲಸ. ಅದಕ್ಕೆ ಸಹಜ ಬಣ್ಣ ಅಂತ ಹೆಸರು. ಅಲ್ಲಿ ಯಾವ ಮನುಷ್ಯನೂ ಹೋಗಿ ನಿಂತಿಲ್ಲವಲ್ಲ, ಆದ್ದರಿಂದ ಎಲ್ಲರ ಪರವಾಗಿ ಅತ್ತೆ ನೋಡುತ್ತಿದ್ದರು. ಲೆಕ್ಕ ಹಾಕುವ ಯಂತ್ರಗಳು ಮುಕ್ಕಾಲು ಪಾಲು ಮಾಡಿ ಮುಗಿಸುತ್ತಿದ್ದವು. ಕೊನೆಯ ಕಾಲು ಪಾಲು ಅತ್ತೆಯ ಕಣ್ಣಿಗೆ ಬಿಟ್ಟಿದ್ದು. ಅವರು "ಹ್ಞೂಂ" ಅಂದಮೇಲೇ ಚಿತ್ರ ಹೊರಗೆ ಹೋಗಬೇಕು.

ಈ ಕೆಲಸ ನಡೆಯುತ್ತಿದ್ದ ಕೋಣೆಗೆ ಕಿಟಕಿ ಇಲ್ಲ. ಗೋಡೆ, ಸೂರು, ಮೇಜು, ಕುರ್ಚಿ, ಎಲ್ಲ ಬೂದು. ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಅದಕ್ಕೆ ಒಗ್ಗಿಕೊಂಡು ಪರದೆಯ ಮೇಲಿನದನ್ನ ತಪ್ಪಾಗಿ ನೋಡುತ್ತದಂತೆ. ಅದಕ್ಕೇ ಒಳಗೆ ಬರುವವರು ಬೂದು ಕೋಟು ಹಾಕಿಕೊಳ್ಳಬೇಕು, ಹೂವು ಬೇಡ, ತುಟಿಗೆ ಬಣ್ಣ ಬೇಡ, ಟೀ ಲೋಟ ಕೂಡ ಬೂದು. ಯಾರಾದರೂ ಬಾಗಿಲು ತೆರೆದು ಒಂದು ಕ್ಷಣ ನಿಂತರೆ ಸಾಕು, ಅತ್ತೆ ತಿರುಗಿ ನೋಡದೆಯೇ ಹೇಳುತ್ತಿದ್ದರು: "ಬಾಗಿಲು ಹಾಕಿ, ಬೆಳಕು ಬರುತ್ತೆ." ಅಲ್ರೀ, ಬೆಳಕು ಬಂದರೆ ಬೈಯುವ ಜಾಗ ಇದೊಂದೇ ಇರಬೇಕು.

ಮೊದಲು ಹಳದಿಗೆ ತಿರುಗಿದ್ದು ಟವೆಲ್ಲು.

"ಒಗೆಯೋಕೆ ಬರಲ್ವಾ ನಿನಗೆ? ನೋಡು, ಹೇಗೆ ಹಳದಿ ಬಂದಿದೆ" ಅಂತ ಅತ್ತೆ ಒಂದು ದಿನ ಟವೆಲ್ ತಂದು ಸೊಸೆಯ ಮುಖದ ಮುಂದೆ ಹಿಡಿದರು. ಸೊಸೆಗೆ ಅದು ಬೆಳ್ಳಗೇ ಕಂಡಿತು. ಬೆಳಿಗ್ಗೆ ಬೆಳಿಗ್ಗೆ ಜಗಳ ಯಾಕೆ ಅಂತ ಮತ್ತೊಮ್ಮೆ ಒಗೆದಳು. ಆಮೇಲೆ ದಿಂಬಿನ ಚೀಲ, ಪರದೆ, ಗಂಡನ ಬನಿಯನ್ನು. ಅತ್ತೆ ತಾವೇ ಬಟ್ಟೆಗೆ ನೀಲಿ ಹಾಕತೊಡಗಿದರು. ಇಷ್ಟು ಸಾಲದು ಅಂತ ಇನ್ನಷ್ಟು. ಕೊನೆಗೆ ಅವಳ ಗಂಡನ ಬಿಳಿ ಶರ್ಟು ಆಕಾಶದ ಬಣ್ಣಕ್ಕೆ ಬಂತು. ಈಜು ಕಲಿಯುವ ಮಕ್ಕಳು ಹಿಂದೆ ನಗುತ್ತಿದ್ದರೂ ಅವನು ಬಾಯಿ ಬಿಡಲಿಲ್ಲ.

"ನಿಮಗಾದರೂ ನೀಲಿ ಕಾಣುತ್ತೆ ತಾನೇ?" ಅಂತ ಸೊಸೆ ಅವನನ್ನ ಕೇಳಿದಳು.

"ಕಾಣುತ್ತೆ" ಅಂದ ಅವನು. "ಆದರೆ ಅಮ್ಮನ ಕಣ್ಣು ಅಂದರೆ ಸುಮ್ನೇನಾ? ಊರಿಗೆಲ್ಲ ಬಣ್ಣ ಹೇಳೋರು ಅವರು. ನಮ್ಮದೇ ಏನೋ ತಪ್ಪಿರಬೇಕು."

ಇದು ಮನೆಯ ಕತೆಯಾಗಿಯೇ ಉಳಿದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ಒಂದು ದಿನ ಅತ್ತೆ ಬೂದು ಕೋಣೆಯ ಮಧ್ಯೆ ನಿಂತು ಸುತ್ತ ನೋಡಿ, ಗೋಡೆಗಳೂ ಹಳದಿಗೆ ತಿರುಗಿವೆ ಅಂದರು. ಪೇಂಟರ್ ಬಂದ. ಹೋದ ಸಲದ ಬೂದನ್ನೇ ಬಳಿದ. ಅತ್ತೆ ಮೂಗು ಮುರಿದರು, ಇದೂ ಹಳದಿ ಅಂದರು. ಅವನು ಅದೇ ಕಂಪನಿ, ಅದೇ ಡಬ್ಬ ಅಂತ ಆಣೆ ಮಾಡಿದ. ಅತ್ತೆ ಕೇಳುವವರಲ್ಲ. ಅವನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಬಕೆಟ್ಟಿಗೆ ಒಂದೊಂದೇ ತೊಟ್ಟು ನೀಲಿ ಹಾಕಿಸಿ, ಕಲೆಸಿಸಿ, ತಮ್ಮ ಕಣ್ಣಿಗೆ ಸರಿಯಾದ ಬೂದು ಬರುವವರೆಗೂ ಅವನನ್ನ ಬಿಡಲಿಲ್ಲ. ಅದನ್ನೇ ನಾಲ್ಕೂ ಗೋಡೆಗೆ ಬಳಿಸಿದರು.

ಮರುದಿನ ಸೊಸೆ ಒಳಗೆ ಕಾಲಿಟ್ಟವಳು ನಿಂತೇಬಿಟ್ಟಳು. ಗೋಡೆ ನೀಲಿ. ಬೂದಿಗೆ ಹತ್ತಿರದ ನೀಲಿಯೇ, ಆದರೂ ನೀಲಿ. ಇದು ಬನಿಯನ್ನಲ್ಲ, ಇದರೊಳಗೆ ಕೂತವರ ಕಣ್ಣೆಲ್ಲ ಕೆಡುತ್ತದೆ ಅಂತ ಅವಳಿಗೆ ತಕ್ಷಣ ಹೊಳೆಯಿತು. ಹಾಗೇ ಆಯಿತು ಕೂಡ. ಆ ಗೋಡೆಗಳ ನಡುವೆ ಒಂದು ಗಳಿಗೆ ಕೂತರೆ ಸಾಕು, ಪರದೆಯ ಮೇಲಿನ ಒಳ್ಳೆಯ ಚಿತ್ರವೂ ಕೆಂಚಾಗಿ ಕಾಣುತ್ತಿತ್ತು. "ನೀಲಿ ಕಮ್ಮಿ ಆಯ್ತಲ್ವಾ?" ಅಂತ ಅತ್ತೆ ಕೇಳಿದರೆ ಕೂತವರೆಲ್ಲ ಹೌದು ಹೌದು ಅಂತ ತಲೆ ಆಡಿಸುತ್ತಿದ್ದರು. ಅವರೇನೂ ಮುಲಾಜಿಗೆ ಹೇಳುತ್ತಿರಲಿಲ್ಲ, ನಿಜವಾಗಿ ಹಾಗೇ ಕಾಣುತ್ತಿತ್ತು. ಅತ್ತೆಯ ಕಣ್ಣಿನಲ್ಲಿದ್ದ ದೋಷ ಈಗ ಗೋಡೆಗೆ ಬಂದು, ಗೋಡೆಯಿಂದ ಎಲ್ಲರ ಕಣ್ಣಿಗೂ ಹತ್ತಿತ್ತು.

ಸೊಸೆ ಹೇಳಲಿಲ್ಲ ಅಂತಲ್ಲ. ಹೇಳಿದಳು. ಬಣ್ಣ ಹೋಲಿಸುವ ಬೂದು ಕಾರ್ಡೊಂದನ್ನ ತಂದು ಗೋಡೆಗೆ ಒತ್ತಿ ಹಿಡಿದು, "ನೋಡಿ ಅತ್ತೆ, ಎಷ್ಟು ವ್ಯತ್ಯಾಸ ಇದೆ" ಅಂದಳು.

"ಕಾರ್ಡು ಹಳೇದಾಗಿದೆ. ಹಳದಿಗೆ ತಿರುಗಿದೆ" ಅಂದರು ಅತ್ತೆ.

ಹೊಸ ಕಾರ್ಡು ತರಿಸಿದಳು. ಅತ್ತೆಗೆ ಅದೂ ಹಳದಿಗೆ ತಿರುಗಿದ್ದೇ. ಬಿಲ್ಲೆಗಳ ಆ ಮರದ ಪೆಟ್ಟಿಗೆ ತೆಗೆಯೋಣ ಅಂದಳು, ಅದಕ್ಕೂ ವಯಸ್ಸಾಯಿತು ಅಂದರು. ಕೊನೆಗೆ ಒಂದು ದಿನ ಎಲ್ಲರ ಎದುರಿಗೇ, ತೀರಾ ಮೆಲ್ಲಗೆ, "ಇವಳ ಕಣ್ಣು ಮೊದಲಿನ ಹಾಗಿಲ್ಲ, ಪಾಪ" ಅಂದುಬಿಟ್ಟರು. ಬೈದಿದ್ದರೆ ಸೊಸೆ ತಿರುಗಿ ಮಾತಾಡುತ್ತಿದ್ದಳು. ಆ 'ಪಾಪ'ಕ್ಕೆ ಏನು ಉತ್ತರ ಕೊಡುವುದು? ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡು ಬಂದಳು. ಏನೂ ತೊಂದರೆಯಿಲ್ಲ ಅಂದರು. ಆ ಮಾತನ್ನ ಕೇಳಿಸಿಕೊಳ್ಳುವವರು ಕಚೇರಿಯಲ್ಲಿ ಯಾರೂ ಇರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಆ ನೀಲಿ ಲೋಕಕ್ಕೆಲ್ಲ ಬೇಕಾಗಿಬಿಟ್ಟಿತ್ತು. ನೌಕೆ ಸುತ್ತುತ್ತಿದ್ದುದು ದೂರದ ಒಂದು ಗ್ರಹದ ಚಂದ್ರನನ್ನ. ಮೊದಮೊದಲು ಬಂದ ಚಿತ್ರಗಳಲ್ಲಿ ಅದು ಕಂದು, ಯಾರೂ ತಿರುಗಿಯೂ ನೋಡಿರಲಿಲ್ಲ. ಅತ್ತೆ ನೀಲಿ ಏರಿಸತೊಡಗಿದ ಮೇಲೆ ಜನ ಮುಗಿಬಿದ್ದರು. ಪಠ್ಯಪುಸ್ತಕದಲ್ಲಿ, ಕ್ಯಾಲೆಂಡರಿನಲ್ಲಿ, ಮಕ್ಕಳ ಚೀಲದ ಮೇಲೆ, ಎಲ್ಲಿ ನೋಡಿದರೂ ನೀಲಿ ಚಂದ್ರ. ಮೊದಲಿನ ಕಂದು ಚಿತ್ರಗಳನ್ನ, ಆಗ ಇನ್ನೂ ಕೈ ಪಳಗಿರಲಿಲ್ಲ ಅಂತ ಪಕ್ಕಕ್ಕೆ ಇಟ್ಟರು. ಬಣ್ಣದಮ್ಮನನ್ನ ದೊಡ್ಡ ಸಾಹೇಬರು ತಲೆ ಮೇಲೆ ಕೂರಿಸಿಕೊಂಡರು.

ಆ ಸಾಹೇಬರೇ ಒಂದು ದಿನ ಸೊಸೆಯನ್ನ ಕರೆದು, ಬಹಳ ಮರ್ಯಾದೆಯಿಂದ ಹೇಳಿದರು. ಇನ್ನು ಕೆಲವು ವಾರಗಳಲ್ಲಿ ನೌಕೆಯಿಂದ ಒಂದು ಚಿಕ್ಕ ಯಂತ್ರ ಬೇರೆಯಾಗಿ ಆ ಚಂದ್ರನ ಮೇಲೆ ಇಳಿಯುತ್ತದೆ. ನೆಲದ ಮೇಲಿನ ಮೊದಲ ಚಿತ್ರ ಬರುತ್ತದೆ. ಅದು ಮುಗಿಯುವವರೆಗೆ ಅವಳು ಕೋಣೆಯಲ್ಲೇ ಇರಲಿ. ಆಮೇಲೂ ಕಣ್ಣು ಹೀಗೇ ಇದ್ದರೆ ಕೆಳಗಿನ ಉಗ್ರಾಣಕ್ಕೆ, ಹಳೆಯ ಟೇಪುಗಳನ್ನ ನೋಡಿಕೊಳ್ಳೋಕೆ.

"ಅಲ್ಲಿ ಬಣ್ಣದ ರಗಳೆ ಇರೋದಿಲ್ಲ" ಅಂದರು, ಉಪಕಾರ ಮಾಡಿದ ಹಾಗೆ.

ಸೊಸೆಗೆ ಈಗ ಉಳಿದಿದ್ದು ಒಂದೇ ದಾರಿ. ಇಳಿಯುವ ಯಂತ್ರದ ಕಾಲಿಗೆ ಒಂದು ಅಂಗೈಯಗಲದ ತಟ್ಟೆ ಕಟ್ಟಿದ್ದರು. ಅದರ ಮೇಲೆ ಬಿಳಿ, ಬೂದು, ಕೆಂಪು, ಹಸಿರು, ನೀಲಿಯ ಚೌಕಗಳು. ಮೊದಲ ಚಿತ್ರದಲ್ಲಿ ನೆಲದ ಜೊತೆಗೆ ಅದೂ ಕಾಣುತ್ತದೆ. ಬಿಳಿ ಚೌಕ ಬೆಳ್ಳಗೆ ಕಾಣುವ ಹಾಗೆ ಮಾಡಿದರೆ ನೆಲ ತನ್ನ ಬಣ್ಣಕ್ಕೆ ತಾನೇ ಬರುತ್ತದೆ. ಆಗ ಯಾರೂ ಕಾರ್ಡು ಹಳೇದು ಅನ್ನುವ ಹಾಗಿಲ್ಲ. ಅವಳು ದಿನಾ ಆ ತಟ್ಟೆಯನ್ನೇ ನೆನೆದುಕೊಂಡು ಬಸ್ಸು ಹತ್ತುತ್ತಿದ್ದಳು.

ಯಂತ್ರ ಇಳಿಯುವ ಮುಂಚೆಯೇ ಅತ್ತೆ ಕಚೇರಿಯ ಮೆಟ್ಟಿಲಲ್ಲಿ ಎಡವಿ ಬಿದ್ದರು. ಕೊನೆಯ ಮೆಟ್ಟಿಲು ಕಾಣಲೇ ಇಲ್ಲ ಅಂದರು. ಕಾಲಿಗೆ ಏನೂ ಆಗಿರಲಿಲ್ಲ. ಡಾಕ್ಟರು ಟಾರ್ಚು ಬಿಟ್ಟು ಕಣ್ಣು ನೋಡಿ, "ಇಷ್ಟು ದಿನ ಹೇಗೆ ಸುಮ್ಮನಿದ್ದಿರಿ? ಎರಡೂ ಕಣ್ಣಿಗೆ ಪೊರೆ ಬಂದಿದೆ" ಅಂದರು. ಮೊದಲು ಬಲಗಣ್ಣು, ಎರಡು ತಿಂಗಳು ಬಿಟ್ಟು ಎಡಗಣ್ಣು ಅಂತ ಮಾತಾಯಿತು. ಕಚೇರಿಯಲ್ಲಿ ಕಾಲು ಉಳುಕಿದೆ ಅಂತಷ್ಟೇ ಹೇಳಬೇಕು ಅಂತ ಅತ್ತೆ ಮಗನ ಕೈಯಲ್ಲೂ ಸೊಸೆಯ ಕೈಯಲ್ಲೂ ಮಾತು ತೆಗೆದುಕೊಂಡರು.

ಬಲಗಣ್ಣಿನ ಆಪರೇಷನ್ ಮುಗಿದು ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಸೊಸೆ ಟೀ ತಂದಾಗ ಅತ್ತೆ ಮಂಚದ ಮೇಲೆ ಕೂತಿದ್ದರು. ತೊಡೆಯ ಮೇಲೆ ಟವೆಲ್ಲು. ಬಲಗಣ್ಣು ಮುಚ್ಚಿ ನೋಡಿದರು. ಎಡಗಣ್ಣು ಮುಚ್ಚಿ ನೋಡಿದರು. ಮತ್ತೆ ಬಲಗಣ್ಣು. ಚಿಕ್ಕ ಮಕ್ಕಳು ಆಡುವ ಹಾಗೆ ಬಹಳ ಹೊತ್ತು ಅದನ್ನೇ ಮಾಡಿದರು.

"ಇದು ನೀಲಿ" ಅಂದರು ಕೊನೆಗೆ.

ಸೊಸೆ ಲೋಟ ಕೆಳಗಿಟ್ಟಳು.

"ಶರ್ಟೂ ಹೀಗೇ ಇದೆಯಾ?"

"ಹೌದು ಅತ್ತೆ."

"ಅವನು ಇದನ್ನ ಹಾಕ್ಕೊಂಡು ಹೊರಗೆ ಹೋಗ್ತಿದ್ನಾ?"

"ಹೋಗ್ತಿದ್ರು."

ಅತ್ತೆ ಟವೆಲ್ಲನ್ನ ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. "ಗೋಡೆ?"

"ಗೋಡೆಯೂ."

"ಬಾಗಿಲು ಹಾಕು" ಅಂದರು ಅತ್ತೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಸೊಸೆ ಹೋಗಿ ಬಾಗಿಲು ಹಾಕಿ ಬಂದಳು. "ನೀನು ಹೇಳಿದ್ದು ಸರಿಯಾಗಿತ್ತು. ನಿನ್ನ ಕಣ್ಣಿಗೆ ಏನೂ ಆಗಿಲ್ಲ."

ಎರಡು ವರ್ಷದಿಂದ ಕಾದ ಮಾತು. ಸೊಸೆ ಅಲ್ಲೇ ಮಂಚದ ತುದಿಯಲ್ಲಿ ಕೂತಳು. ಅತ್ತೆಯ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಹಿಡಿದುಕೊಂಡಳು ಕೂಡ. "ಸಾಹೇಬರಿಗೆ ಇವತ್ತೇ ಹೇಳಿಬಿಡೋಣ ಅತ್ತೆ. ಪೊರೆ ಬಂದಿತ್ತು ಅಂದ್ರೆ ಯಾರೂ ತಪ್ಪು ತಿಳಿಯಲ್ಲ."

ಅತ್ತೆ ಕೈ ಬಿಡಿಸಿಕೊಂಡರು. "ಏನಂತ ಹೇಳಲಿ? ನೀಲಿ ಚಂದ್ರ ಇಲ್ಲವೇ ಇಲ್ಲ, ಅದು ನನ್ನ ಕಣ್ಣಿನ ಪೊರೆ ಅಂತಲಾ? ಇವತ್ತು ಇದೊಂದು ಸುಳ್ಳು ಅಂದ್ರೆ ನಾಳೆ ನಾನು ಜೀವಮಾನದಲ್ಲಿ ಮಾಡಿದ್ದೆಲ್ಲ ಸುಳ್ಳು ಅಂತಾರೆ. ನನ್ನ ಹತ್ರ ಇನ್ನೇನಿದೆ ಹೇಳು, ಈ ಕಣ್ಣು ಬಿಟ್ರೆ?"

"ಮತ್ತೆ ನಾನು? ನಿಮ್ಮ ಒಂದು ಮಾತಿಗೆ ನನ್ನನ್ನ ಉಗ್ರಾಣಕ್ಕೆ ಹಾಕ್ತಿದ್ದಾರೆ."

"ಅದನ್ನ ನಾನು ನೋಡ್ಕೋತೀನಿ" ಅಂದರು ಅತ್ತೆ. "ಹೊರಗೆ ಮಾತ್ರ ಬಾಯಿ ಬಿಡಬೇಡ."

ಸೊಸೆಗೆ ಕೋಪವೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನೂ ಮಾಡಲಾರ. ಅವಳೂ ಏನೂ ಮಾಡಲಿಲ್ಲ. ಟೀ ಆರಿತ್ತು, ಬಿಸಿ ಮಾಡಿ ತಂದಳು.

ಯಂತ್ರ ಇಳಿದ ದಿನ ಬೂದು ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಹಿಂದಿನ ಕುರ್ಚಿಯಲ್ಲಿ ಕೂತು, "ಇವತ್ತು ಅವಳೇ ಮಾಡಲಿ, ನಾನು ನೋಡ್ತಾ ಇರ್ತೀನಿ" ಅಂದರು. ದೊಡ್ಡ ಸಾಹೇಬರು ಹುಬ್ಬೇರಿಸಿದರೂ ಬೇಡ ಅನ್ನಲಿಲ್ಲ. ಮೇಲಿನ ಮಹಡಿಯಲ್ಲಿ ಪತ್ರಿಕೆಯವರು ಕಾಯುತ್ತಿದ್ದರು.

ಕಪ್ಪು ಬಿಳುಪಿನ ಮೂರು ಚಿತ್ರ ಬಂದವು. ಸೊಸೆ ಒಂದರ ಮೇಲೊಂದು ಕೂರಿಸಿದಳು. ಮೂಲೆಯಲ್ಲಿ ತಟ್ಟೆ ಕಂಡಿತು, ಒಂದು ಚೂರು ಓರೆಯಾಗಿ, ಐದೂ ಚೌಕ ಸ್ಪಷ್ಟವಾಗಿ. ಅವಳು ಗೋಡೆ ಕಾಣದ ಹಾಗೆ ಎಡಗೈಯನ್ನ ಕಣ್ಣಿಗೆ ಮರೆ ಹಿಡಿದಳು, ಬೆನ್ನ ಹಿಂದಿನವರನ್ನ ಮರೆತಳು, ಬಿಳಿ ಚೌಕವೊಂದನ್ನೇ ಹಿಡಿದುಕೊಂಡು ನಡೆದಳು. ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟೇ. ಚೌಕ ಬೆಳ್ಳಗಾಯಿತು. ಅದರ ಹಿಂದೆ ಆ ಚಂದ್ರನ ನೆಲ ಬಂದು ನಿಂತಿತು.

ಕಂದು. ಸವೆದ ಚಪ್ಪಲಿಯ ಕಂದು. ಅಲ್ಲಲ್ಲಿ ಕಲ್ಲಿನ ಬುಡದಲ್ಲಿ ಬೂದಿ ಚೆಲ್ಲಿದ ಹಾಗೆ. ಒಂದು ಕಲ್ಲಿನ ಪಕ್ಕೆಯಲ್ಲಿ ಸೀಳು, ಅದರೊಳಗೆ ಇನ್ನೂ ಗಾಢವಾದ ಕಂದು. ಚೆಂದ ಅನ್ನುವಂಥದ್ದು ಏನೂ ಇರಲಿಲ್ಲ. ಆದರೆ ಅದು ಇದ್ದದ್ದು ಹಾಗೆ. ಅಷ್ಟು ದೂರದ ಒಂದು ಕಲ್ಲನ್ನ ಇದ್ದ ಹಾಗೆ ನೋಡಿದೆನಲ್ಲ ಅಂತ ಸೊಸೆಗೆ ಕಣ್ಣಲ್ಲಿ ನೀರು ಬಂತು. ಇಷ್ಟು ದಿನದಲ್ಲಿ ಅವಳಿಗೆ ಸಂತೋಷ ಅಂತ ಆಗಿದ್ದು ಅದೇ ಮೊದಲು.

"ಏನಿದು?" ಅಂದರು ದೊಡ್ಡ ಸಾಹೇಬರು. "ನಮ್ಮ ನೀಲಿ ಎಲ್ಲಿ ಹೋಯ್ತು?"

"ತಟ್ಟೆ ನೋಡಿ ಸಾರ್. ಬಿಳಿ ಬಿಳಿಯಾಗೇ ಇದೆ. ಆ ಲೆಕ್ಕಕ್ಕೆ ನೆಲ ಹೀಗೇ ಇದೆ."

ಕೋಣೆಯವರು ಕಣ್ಣು ಕಿರಿದು ಮಾಡಿ ನೋಡಿದರು. ಆ ಗೋಡೆಗಳ ನಡುವೆ ಅವರಿಗೆ ಬಿಳಿ ಚೌಕವೂ ಕೆಂಚಾಗಿ ಕಂಡಿರಬೇಕು, ಒಬ್ಬರೂ ಹೌದು ಅನ್ನಲಿಲ್ಲ. ಸಾಹೇಬರು ಹಿಂದಿನ ಕುರ್ಚಿಯ ಕಡೆ ತಿರುಗಿದರು. "ನೀವು ಹೇಳಿ ಬಣ್ಣದಮ್ಮ."

ಅತ್ತೆ ಎದ್ದು ಬಂದರು, ಕಪ್ಪು ಕನ್ನಡಕ ತೆಗೆದರು. ಪರದೆ ನೋಡಿದರು. ಹೊಸ ಕಣ್ಣಿಗೆ ಆ ಕಲ್ಲು ಕಂಡಿತು. ಸೀಳು ಕಂಡಿತು. ಬಿಳಿ ಬೆಳ್ಳಗೆ ಕಂಡಿತು. ಅದರಲ್ಲಿ ಅನುಮಾನವೇ ಇಲ್ಲ. ಅತ್ತೆ ಉಸಿರು ಎಳೆದುಕೊಂಡರು, ಈಗ ಹೇಳುತ್ತಾರೆ ಅಂತ ಸೊಸೆ ಕಾದಳು.

ಅತ್ತೆ ಬಲಗೈ ಎತ್ತಿ, ಕಣ್ಣು ಉರಿಯುತ್ತಿದೆ ಅನ್ನುವ ಹಾಗೆ, ಬಲಗಣ್ಣನ್ನ ಮುಚ್ಚಿಕೊಂಡರು.

"ಇಳಿಯುವಾಗ ಧೂಳು ಎದ್ದಿರುತ್ತೆ" ಅಂದರು. "ತಟ್ಟೆ ಮೇಲೆ ಕೂತಿದೆ. ಅದನ್ನ ನಂಬೋಕಾಗಲ್ಲ. ನೀಲಿ ಏರಿಸಮ್ಮ."

ಸೊಸೆಯ ಕೈ ನೀಲಿ ಏರಿಸಿ ಇಳಿಸುವ ಗುಂಡಿಯ ಮೇಲಿತ್ತು. ಅಲ್ಲೇ ನಿಂತಿತು. "ಯಾವ ಕಣ್ಣಲ್ಲಿ ನೋಡಿ ಹೇಳ್ತಿದ್ದೀರಿ ಅತ್ತೆ?"

ಯಾರೋ ಹಿಂದೆ ಕಿಸಕ್ಕೆಂದರು. ಇದೆಂಥ ಪ್ರಶ್ನೆ ಅಂತ ಸಾಹೇಬರು ಗಡಿಯಾರ ನೋಡಿಕೊಂಡರು. ಅತ್ತೆ ಮಾತ್ರ ನಗಲಿಲ್ಲ. ತೆರೆದಿದ್ದ ಎಡಗಣ್ಣಿನಿಂದ ಸೊಸೆಯನ್ನೇ ನೋಡಿದರು.

"ಇಷ್ಟು ವರ್ಷ ನೋಡಿದ ಕಣ್ಣಲ್ಲೇ" ಅಂದರು.

ಕೈ ತೆಗೆಯಿರಿ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಮಾತು ನಾಲಿಗೆ ತುದಿಗೂ ಬಂದಿತ್ತು. ಆದರೆ ಇವರ ಜೊತೆ ಒಂದೇ ಬಸ್ಸಲ್ಲಿ ಮನೆಗೆ ಹೋಗಬೇಕು, ಇವರ ಮಗನ ಪಕ್ಕ ಮಲಗಬೇಕು, ನಾಳೆ ಬೆಳಿಗ್ಗೆ ಇವರಿಗೆ ಟೀ ಕೊಡಬೇಕು. ಹೇಳಿದರೂ ಈ ಗೋಡೆಗಳ ನಡುವೆ ಕೂತವರು ಯಾರು ನಂಬುತ್ತಾರೆ? ಸೊಸೆ ಮಾತನ್ನ ನುಂಗಿಕೊಂಡಳು. ಗುಂಡಿ ತಿರುಗಿಸಿದಳು. ಎಷ್ಟು ತಿರುಗಿಸಬೇಕು ಅಂತ ಅವಳ ಬೆರಳಿಗೆ ಸರಿಯಾಗಿ ಗೊತ್ತಿತ್ತು, ಅದಕ್ಕೇ ಅವಳಿಗೆ ಹೆಚ್ಚು ನಾಚಿಕೆಯಾಯಿತು. ಕಲ್ಲು ನೀಲಿಯಾಯಿತು, ಸೀಳು ನೀಲಿಯಾಯಿತು, ಬಿಳಿ ಚೌಕ ಅವಳ ಗಂಡನ ಶರ್ಟಿನ ಬಣ್ಣಕ್ಕೆ ಬಂತು.

"ಹಾಂ, ಇದು ನಮ್ಮ ಚಂದ್ರ" ಅಂದರು ದೊಡ್ಡ ಸಾಹೇಬರು.

ಅತ್ತೆ ಮಾತು ಉಳಿಸಿಕೊಂಡರು. "ನೋಡಿದ್ರಲ್ಲ ಸಾರ್, ಎಷ್ಟು ಬೇಕೋ ಅಷ್ಟೇ ಹಾಕಿದಳು. ಅವಳ ಕಣ್ಣು ಸರಿಹೋಗಿದೆ" ಅಂತ ಎಲ್ಲರ ಎದುರಿಗೆ ಹೇಳಿದರು. ಸೊಸೆ ಎರಡು ವರ್ಷದಿಂದ ಕೇಳಬೇಕು ಅಂದುಕೊಂಡಿದ್ದ ಮಾತೇ ಅದು. ಉಗ್ರಾಣದ ಮಾತು ಅಲ್ಲಿಗೆ ಮುಗಿಯಿತು. ಬಣ್ಣದಮ್ಮ ಇನ್ನು ವಿಶ್ರಾಂತಿ ತಗೊಳ್ಳಲಿ, ಕುರ್ಚಿ ಸೊಸೆಗೇ ಇರಲಿ ಅಂತ ಸಾಹೇಬರು ಅಲ್ಲೇ ಹೇಳಿಬಿಟ್ಟರು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಸಂಜೆ ಬಸ್ಸಿನಿಂದ ಇಳಿಯುವಾಗ ಅತ್ತೆ ಅವಳ ತೋಳು ಹಿಡಿದುಕೊಂಡರು, ಮೆಟ್ಟಿಲು ಕಾಣಲಿ ಅಂತಲೋ ಇನ್ಯಾತಕ್ಕೋ.

ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಂಡ ಮೇಲೆ ಅತ್ತೆ ಬಟ್ಟೆಗೆ ನೀಲಿ ಹಾಕುವುದನ್ನ ಬಿಟ್ಟರು. ಈಗ ಮನೆಯ ಟವೆಲ್ಲು ಬೆಳ್ಳಗಿದೆ, ಶರ್ಟೂ ಬೆಳ್ಳಗಿದೆ. ಅತ್ತೆ ಇಡೀ ದಿನ ಕಿಟಕಿಯ ಹತ್ತಿರ ಕೂತಿರುತ್ತಾರೆ. ಎಷ್ಟು ಬಣ್ಣ ಇದೆ ನೋಡೇ ಹೊರಗೆ ಅನ್ನುತ್ತಾರೆ, ಬೆಳಿಗ್ಗೆ ಸೊಸೆ ಚೀಲ ಹಿಡಿದು ಹೊರಡುವ ಹೊತ್ತಿಗೆ.

ವರ್ಷದ ಕೊನೆಗೆ ಪೇಂಟರ್ ಬೂದು ಕೋಣೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಖಾಲಿ ಬಕೆಟ್ಟು. "ಅಮ್ಮಾ, ಈ ಸಲ ಯಾವ ಬಣ್ಣ? ನೀವು ಹೇಳಿದ ಹಾಗೆ" ಅಂದ.

ಸೊಸೆ ಗೋಡೆ ನೋಡಿದಳು. ಅದು ನೀಲಿಯಾಗಿ ಕಾಣುತ್ತಿದೆಯೋ ಬೂದಾಗಿಯೋ ಅಂತ ಹೇಳೋಕೆ ಅವಳಿಗೆ ಒಂದು ಗಳಿಗೆ ಬೇಕಾಯಿತು.

"ಹೋದ ಸಲದ್ದೇ" ಅಂದಳು. "ಬಾಗಿಲು ಹಾಕಿ, ಬೆಳಕು ಬರುತ್ತೆ."